ಅಣ್ಣನ ಕಡೆಯ ಹುಲ್ಲು

ಕಳೆಗೆ ಔಷಧಿ ಹೊಡೆದು ಒಂದು ರಾತ್ರಿ ಕಳೆದಿತ್ತು, ಇನ್ನೂ ಏನೂ ಆಗಿರಲಿಲ್ಲ. ಇಷ್ಟು ಬೇಗ ಏನೂ ಆಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ಬ್ರಷ್ಷನ್ನು ಬಾಯಲ್ಲೇ ಕಚ್ಚಿಕೊಂಡು ಮುಂಬಾಗಿಲ ಮೆಟ್ಟಿಲ ಮೇಲೆ ನಿಂತು ನೋಡುತ್ತಲೇ ಇದ್ದ. ತನ್ನ ಕಡೆಯ ಹುಲ್ಲು ಚಳಿಗಾಲದ ಕಂದು ಕಳೆದುಕೊಂಡು ಆಗಲೇ ಒಂದೇ ಎತ್ತರಕ್ಕೆ ಎದ್ದಿತ್ತು. ಅಣ್ಣನ ಕಡೆ ಎಂದಿನ ಹಾಗೆ ಗೊಂದಲ: ಒಂದು ಕಡೆ ಹಳದಿ ಹೂವಿನ ಕಳೆ, ಒಂದು ಕಡೆ ಪಾಚಿ, ಉಳಿದ ಕಡೆಯೆಲ್ಲ ನೆಲಕ್ಕೆ ಅಂಟಿಕೊಂಡು ಹಬ್ಬಿದ್ದ, ಮೂರು ಮೂರು ದುಂಡನೆಯ ಎಲೆಗಳ ಯಾವುದೋ ಗಿಡ. ಕಳೆದ ವರ್ಷ ಇದು ಇಷ್ಟಿರಲಿಲ್ಲವಲ್ಲ ಅನ್ನಿಸಿತ್ತು. ಎರಡು ಮನೆ, ಒಂದೇ ಅಂಗಳ. ಅಪ್ಪನ ಸೈಟನ್ನು ಸಮಪಾಲು ಮಾಡಿಕೊಂಡು ಇಬ್ಬರೂ ಅಕ್ಕಪಕ್ಕ ಮನೆ ಕಟ್ಟಿಸಿದಾಗ ನಡುವೆ ಗೋಡೆ ಬೇಡವೇ ಬೇಡ ಎಂದು ಹಟ ಹಿಡಿದವನು ಅಣ್ಣ. ನಾವೇನು ನಾಯಿಗಳೇನೋ ಗಡಿ ಗುರುತು ಹಾಕ್ಕೊಳ್ಳೋಕೆ, ಅಂದಿದ್ದ. ಹಾಗಾಗಿ ಗೋಡೆ ಎದ್ದಿರಲಿಲ್ಲ, ಆದರೆ ಗಡಿ ಎಲ್ಲಿದೆ ಎಂದು ದಾರಿಯಲ್ಲಿ ಹೋಗುವವರಿಗೂ ಕಾಣುತ್ತಿತ್ತು. ಈ ಕಡೆ ಕ್ಷೌರ ಮಾಡಿಸಿಕೊಂಡ ತಲೆ, ಆ ಕಡೆ ಈಗಷ್ಟೇ ಹಾಸಿಗೆಯಿಂದ ಎದ್ದು ಬಂದ ತಲೆ. ಇನ್ನು ಎರಡು ವಾರ ಬಿಟ್ಟರೆ ಗಡಿ ಕಾಣುವುದಿಲ್ಲ ಎಂದುಕೊಂಡು ಬಾಯಿ ಮುಕ್ಕಳಿಸಲು ಒಳಗೆ ಹೋದ.

ನಿನ್ನೆ ಗಾಳಿ ಇರಲಿಲ್ಲ. ಔಷಧಿ ಹೊಡೆಯಲು ಹೇಳಿ ಮಾಡಿಸಿದಂಥ ದಿನ. ಅತ್ತಿಗೆ ಹೋದ ವಾರವೇ ತಂಗಿಯ ಮನೆಗೆ ಹೋಗಿದ್ದಳು. ಅವನು ಬೆನ್ನಿಗೆ ಪಂಪು ಏರಿಸಿಕೊಂಡು, ಹಳೆಯ ಟೋಪಿ ಹಾಕಿಕೊಂಡು ತನ್ನ ಕಡೆ ಮುಗಿಸಿದ. ಮುಗಿಸಲು ಅಲ್ಲೇನಿತ್ತು, ಮಣ್ಣು! ವರ್ಷಗಟ್ಟಲೆ ಕಿತ್ತು, ಕೆರೆದು, ಹೊಡೆದು, ಅಗಲ ಎಲೆಯ ಒಂದು ಗಿಡವೂ ತಲೆ ಎತ್ತದ ಹಾಗೆ ಮಾಡಿಟ್ಟಿದ್ದ ಜಾಗ ಅದು. ಪಂಪಿನಲ್ಲಿ ಅರ್ಧಕ್ಕೂ ಹೆಚ್ಚು ಉಳಿಯಿತು. ಕಲಸಿದ್ದನ್ನು ಇಟ್ಟುಕೊಳ್ಳಬೇಡಿ ಸಾರ್, ಮೋರಿಗೂ ಸುರೀಬೇಡಿ ಎಂದು ಬೀಜ-ಗೊಬ್ಬರದ ಅಂಗಡಿಯವನು ಹೇಳಿದ್ದ. ಮತ್ತೇನು ಮಾಡುವುದು? ಉಳಿದದ್ದು ದಂಡವಾಗುವ ಬದಲು ಅಣ್ಣನ ಕಡೆಗಾದರೂ ಆಗಲಿ, ಪಾಪ, ಅವನು ಹೋದ ಮೇಲೆ ಅತ್ತಿಗೆ ಒಬ್ಬಳೇ ಎಷ್ಟು ಅಂತ ಮಾಡಿಯಾಳು ಎಂದು ಗಡಿ ದಾಟಿದ. ಹೀಗಂತ ಅವನು ಆಗ ಅಂದುಕೊಂಡದ್ದು ನಿಜ. ಆದರೆ ಪಂಪು ಖಾಲಿಯಾದ ಮೇಲೂ ಅಣ್ಣನ ಕಡೆ ಮುಕ್ಕಾಲು ಪಾಲು ಉಳಿದಿತ್ತು, ಅವನು ಮನೆಯ ಹಿಂದೆ ಹೋಗಿ ಇನ್ನೊಂದು ಪಂಪು ಕಲಸಿಕೊಂಡು ಬಂದಿದ್ದ. ಆಮೇಲೆ ಮತ್ತೊಂದು. ಅಡುಗೆಮನೆಯ ಕಿಟಕಿಯಿಂದ ಹೆಂಡತಿ, "ರೀ, ಅದು ಅವರ ಕಡೆ," ಅಂದಳು. "ಗೊತ್ತು," ಅಂದ. "ಅಕ್ಕನ್ನ ಕೇಳಿದ್ರಾ?" "ಕೇಳೋದೇನು, ಬಂದು ನೋಡಿ ಖುಷಿ ಪಡ್ತಾರೆ." ಹೆಂಡತಿ ಕಿಟಕಿ ಮುಚ್ಚಿದಳು. ಔಷಧಿಯ ವಾಸನೆಗೆ ಮುಚ್ಚಿದಳು ಎಂದುಕೊಂಡ.

ಟ್ಯಾಕ್ಸಿ ಬಂದು ನಿಂತಾಗ ಅವನು ಆಫೀಸಿಗೆ ಹೊರಟು ಶೂ ಕಟ್ಟಿಕೊಳ್ಳುತ್ತಿದ್ದ. ಅತ್ತಿಗೆ ಇಳಿದವಳು ಬ್ಯಾಗನ್ನು ದಾರಿಯಲ್ಲೇ ಬಿಟ್ಟು, ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ನೇರವಾಗಿ ತನ್ನ ಅಂಗಳದ ನಡುವೆ ಹೋಗಿ ನಿಂತಳು. ಕಳೆದ ಆರು ತಿಂಗಳಲ್ಲಿ ಅವಳು ಇಷ್ಟು ಜೋರಾಗಿ ನಡೆದದ್ದನ್ನು ಅವನು ನೋಡಿರಲಿಲ್ಲ.

"ಬಾರೋ ಇಲ್ಲಿ! ನೋಡು, ಎಲ್ಲಾ ಎದ್ಬಿಟ್ಟಿವೆ! ನಾನು ಹೋಗೋವಾಗ ಇಷ್ಟಿಷ್ಟೇ ಇದ್ವು."

"ಏನದು ಅತ್ತಿಗೆ?"

"ಮೂರೆಲೆ ಕಣೋ. ಕ್ಲೋವರ್ ಅಂತಾರಲ್ಲ, ಅದು. ನಿಮ್ಮಣ್ಣ ಹಾಕಿದ್ದು. ಆಸ್ಪತ್ರೆಗೆ ಸೇರೋಕೆ ಮುಂಚೆ ಒಂದಿಡೀ ದಿನ ಕೂತು ಕೂತು ಬೀಜ ಚೆಲ್ಲಿದ್ರು. ನಿಂತ್ಕೊಳ್ಳೋಕೆ ಆಗ್ತಿರ್ಲಿಲ್ವಲ್ಲ. ಕುರ್ಚಿ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಎಳೆದು ಎಳೆದು ನಂಗೆ ಸೊಂಟ ಹೋಯ್ತು. ಅವರು ಮಾತ್ರ, ಇನ್ಮೇಲೆ ಹುಲ್ಲಿನ ಮಷಿನ್ ತಳ್ಳೋಕೆ ನಂಗೂ ಆಗಲ್ಲ ನಿಂಗೂ ಆಗಲ್ಲ, ಇದಾದ್ರೆ ಕತ್ತರಿಸೋ ಗೋಳೇ ಇಲ್ಲ, ಬಿಳೀ ಹೂ ಬಿಡುತ್ತೆ, ಜೇನು ಬರುತ್ತೆ, ನೀನು ಬರಿಗಾಲಲ್ಲಿ ಓಡಾಡ್ಕೊಂಡಿರು ಅಂದ್ರು."

ಅವನಿಗೆ ನೆನಪಾದದ್ದು ನಿನ್ನೆಯ ಮೂರು ಪಂಪು. ಬಾಯಿಗೆ ಬಂದದ್ದು ಬೇರೆಯೇ ಮಾತು. "ನನಗೆ ಹೇಳ್ಲೇ ಇಲ್ಲವಲ್ಲ," ಅಂದ.

ಅತ್ತಿಗೆ ನಕ್ಕಳು. "ಹೇಳಬೇಡ ಅಂದಿದ್ರು. ಫೇಲಪ್ಪನಿಗೆ ಗೊತ್ತಾದ್ರೆ ಬೇರು ಬಿಡೋಕೆ ಮುಂಚೆನೇ ಫೇಲ್ ಮಾಡ್ಬಿಡ್ತಾನೆ, ಹೂ ಬಿಟ್ಟ ಮೇಲೆ ಕರೆದು ತೋರಿಸೋಣ, ಆಗ ಅವನ ಮುಖ ನೋಡಬೇಕು ಅಂತಿದ್ರು."

ಫೇಲಪ್ಪ. ಇವನಿಗೆ, ಡ್ರೈವಿಂಗ್ ಲೈಸೆನ್ಸಿಗೆ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರಿಗೆ ಅಣ್ಣ ಇಟ್ಟ ಹೆಸರು. ಮೊದಲು ಮನೆಯೊಳಗಿತ್ತು, ಆಮೇಲೆ ಬೀದಿಗೆ ಹೋಗಿ ಆಫೀಸಿನವರೆಗೂ ತಲುಪಿತ್ತು. ಇವರಿಬ್ಬರೂ ಆ ಕುರ್ಚಿಯ ಸುತ್ತ ಕೂತು ತನ್ನ ಮುಖ ಹೇಗಾಗುತ್ತದೆ ಎಂದು ಊಹಿಸಿಕೊಂಡು ನಗುತ್ತಿದ್ದರೇ? ತಾನು ಆಗ ಎಲ್ಲಿದ್ದೆ? ಇಲ್ಲೇ, ಹತ್ತು ಹೆಜ್ಜೆ ದೂರದಲ್ಲಿ, ಪರದೆಯ ಹಿಂದೆ ನಿಂತು, ಆ ಕಾಯಿಲೆ ಮನುಷ್ಯ ಇಡೀ ದಿನ ಅಂಗಳದಲ್ಲಿ ಕೂತು ಏನು ಮಾಡುತ್ತಿದ್ದಾನೆ ಎಂದು ನೋಡಿದ್ದ. ಹೋಗಿ ಕೇಳಿರಲಿಲ್ಲ. ಮಾತು ಬಿಟ್ಟು ಎರಡು ವರ್ಷವಾಗಿತ್ತು. ಬಿಟ್ಟದ್ದೂ ಯಾವ ಘನಕಾರ್ಯಕ್ಕೆ? ನಿನ್ನ ಕಸದ ಬೀಜವೆಲ್ಲ ಹಾರಿ ನನ್ನ ಕಡೆ ಬೀಳುತ್ತೆ ಎಂದು ಇವನು ಅಂದದ್ದು, ನಿನ್ನ ಹುಲ್ಲು ನೋಡಿದ್ರೆ ನಂಗೆ ಬ್ಯಾಂಕಿನ ಕಾರ್ಪೆಟ್ ನೆನಪಾಗುತ್ತೆ, ಅದರ ಮೇಲೆ ಟೋಕನ್ ಹಿಡ್ಕೊಂಡು ನಿಂತ್ಕೋಬೇಕು ಅನ್ಸುತ್ತೆ ಎಂದು ಅಣ್ಣ ಅಂದದ್ದು. ಬೀದಿಯವರೆಲ್ಲ ನಕ್ಕಿದ್ದರು. ಈಜು ಕಲಿಸುವವನ ಗಂಟಲು ಅಣ್ಣನದು, ಕೊಳದ ಆ ದಡಕ್ಕೆ ಕೂಗಿ ಕೂಗಿ ಪಳಗಿದ್ದು. ಏನಂದರೂ ಊರಿಗೆಲ್ಲ ಕೇಳಿಸುತ್ತಿತ್ತು.

ಅತ್ತಿಗೆ ಬರಿಗಾಲಲ್ಲಿ ಆ ಎಲೆಗಳ ಮೇಲೆ ಹಿಂದಕ್ಕೂ ಮುಂದಕ್ಕೂ ಓಡಾಡುತ್ತಿದ್ದಳು. ಔಷಧಿ ನಿನ್ನೆಯೇ ಒಣಗಿದೆ, ಒಣಗಿದ ಮೇಲೆ ನಡೆದರೆ ಏನೂ ಆಗುವುದಿಲ್ಲ ಎಂದು ಡಬ್ಬಿಯ ಮೇಲೆ ಬರೆದಿದೆ ಎಂದು ಅವನು ತನಗೆ ತಾನೇ ಹೇಳಿಕೊಂಡ. ಆದರೆ ಅವಳ ಕಾಲ ಬೆರಳುಗಳ ಸಂದಿಯಲ್ಲಿ ಎದ್ದು ಬರುತ್ತಿದ್ದ ಆ ಎಲೆಗಳನ್ನು ನೋಡಲಾಗಲಿಲ್ಲ.

"ಕಾಲು ತೊಳ್ಕೊಳ್ಳಿ ಅತ್ತಿಗೆ."

"ಯಾಕೋ?"

"ಇಬ್ಬನಿ ಇದೆ. ಶೀತ ಆಗುತ್ತೆ."

"ಹೋಗೋ, ನಿನ್ನ ಶೀತ! ಈ ಚಳಿಗಾಲ ನಾನು ಹೇಗೆ ಕಳೆದೆ ಅಂತ ತಿಳ್ಕೊಂಡಿದೀಯಾ? ಇದು ಬರುತ್ತೆ, ಇದು ಬರುತ್ತೆ ಅಂತಲೇ. ಬೇರೆ ಏನನ್ನೂ ನನ್ನ ಕೈಲಿ ಕೊಟ್ಟು ಹೋಗ್ಲಿಲ್ಲ ಅವರು, ಇದೊಂದನ್ನ ಕೊಟ್ರು. ಹೂ ಬಿಡೋ ತನಕ ಕಾಯ್ಕೋ ಅಂದ್ರು." ಅವಳು ಕಣ್ಣೊರೆಸಿಕೊಂಡಳು. ಮತ್ತೆ ತಕ್ಷಣ ಕೆಲಸದ ದನಿಯಲ್ಲಿ, "ಇದಕ್ಕೆ ಏನಾದ್ರೂ ಹಾಕಬೇಕೇನೋ? ನಿಂಗೆ ಇದೆಲ್ಲ ಗೊತ್ತಲ್ಲ," ಅಂದಳು.

ಇಲ್ಲೇ ಹೇಳಬೇಕಿತ್ತು. ಅವಳೇ ಬಾಗಿಲು ತೆಗೆದು ನಿಂತ ಹಾಗಿತ್ತು. ಅತ್ತಿಗೆ, ನಿನ್ನೆ ನಾನು ಗೊತ್ತಿಲ್ಲದೆ ಇದರ ಮೇಲೆ ಔಷಧಿ ಹೊಡೆದೆ, ಇದು ಉಳಿಯಲ್ಲ. ಎಷ್ಟು ಮಾತು? ಉಸಿರು ಹಿಡಿದು ಹೇಳಿದರೆ ಒಂದೇ ಉಸಿರಿನದು. ಅವನು ಉಸಿರು ಹಿಡಿದ.

"ನೀರು ಹಾಕಿ," ಅಂದ. "ಚೆನ್ನಾಗಿ ಹಾಕಿ. ಎಲೆ ಪೂರ್ತಿ ತೊಳೆಯೋ ಹಾಗೆ."

ಕಾರಿನ ಬೀಗದ ಕೈ ತರಲು ಒಳಗೆ ಹೋದರೆ ಹೆಂಡತಿ ಕೈಯಲ್ಲಿ ಸೌಟು ಹಿಡಿದು ಕಿಟಕಿಯ ಬಳಿಯೇ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ ಎಂದು ಮುಖವೇ ಹೇಳುತ್ತಿತ್ತು.

"ಹೇಳಿದ್ರಾ?"

"ಟೈಮೆಲ್ಲಿ ಸಿಕ್ತು, ಆಫೀಸಿಗೆ ಹೊತ್ತಾಯ್ತು."

"ನೀರು ಹಾಕಿ ಅನ್ನೋಕೆ ಸಿಕ್ತಲ್ಲ ಟೈಮು." ಅವಳು ಸೌಟನ್ನು ಕೆಳಗಿಟ್ಟಳು. ಜೋರು ಮಾಡಲಿಲ್ಲ, ಜೋರು ಮಾಡಿದ್ದರೆ ಅವನಿಗೆ ಸುಲಭವಾಗುತ್ತಿತ್ತು. "ನೋಡಿ, ಗೊತ್ತಿಲ್ಲದೆ ಮಾಡಿದೀರಿ. ಅಕ್ಕ ಅಳ್ತಾರೆ, ಬೈತಾರೆ, ನಾಲ್ಕು ದಿನ ಮಾತು ಬಿಡ್ತಾರೆ, ಆಮೇಲೆ ಸರಿಹೋಗುತ್ತೆ. ಸಂಜೆ ಬಂದು ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ. ನಾನು ಹೇಳಿದ್ರೆ ಚೆನ್ನಾಗಿರಲ್ಲ."

"ಸಂಜೆ ಹೇಳ್ತೀನಿ ಅಂದ್ನಲ್ಲ."

"ಎಲ್ಲಿ ಅಂದ್ರಿ?" ಅಂದಳು ಹೆಂಡತಿ. ಅವನು ನಿಜಕ್ಕೂ ಅಂದಿರಲಿಲ್ಲ.

ದಾರಿಯುದ್ದಕ್ಕೂ ಆಸ್ಪತ್ರೆ ನೆನಪಾಯಿತು. ಕೊನೆಗೆ ಹೋಗಿದ್ದ, ಹೋಗಲೇಬೇಕಾಗಿತ್ತು, ಹೆಂಡತಿ ದಬ್ಬಿಕೊಂಡೇ ಕರೆದುಕೊಂಡು ಹೋಗಿದ್ದಳು. ಮೂಗಿಗೆ ನಳಿಕೆ ಹಾಕಿಸಿಕೊಂಡ ಅಣ್ಣ ಇಷ್ಟೇ ಇಷ್ಟಾಗಿದ್ದ. ಏನು ಮಾತಾಡುವುದು ತಿಳಿಯದೆ ಇವನು ಮಂಚದ ಕಬ್ಬಿಣದ ಪಟ್ಟಿಯನ್ನು ಒರೆಸುತ್ತ ನಿಂತಿದ್ದ. ಆಗ ಅಣ್ಣನೇ, ಆ ಗಂಟಲೆಲ್ಲ ಹೋಗಿ ಬರೀ ಗಾಳಿಯಾಗಿದ್ದ ದನಿಯಲ್ಲಿ, ಹುಲ್ಲು ಹೇಗಿದೆಯೋ ನಿಂದು, ಅಂದ. ಚೆನ್ನಾಗಿದೆ, ಅಂದ ಇವನು. ಅಣ್ಣ ನಕ್ಕ. ಕಣ್ಣು ಮುಚ್ಚಿಕೊಂಡು, ಒಬ್ಬನೇ ಏನೋ ನೆನಪಿಸಿಕೊಂಡವನ ಹಾಗೆ ತುಂಬ ಹೊತ್ತು ನಕ್ಕ. ರಾಜಿಯಾಯಿತು ಎಂದು ಇವನು ತಿಳಿದಿದ್ದ. ಅಣ್ಣ ಕ್ಷಮಿಸಿದ, ತಾನೂ ಕ್ಷಮಿಸಿದೆ, ಎರಡು ವರ್ಷದ್ದು ಅಲ್ಲಿಗೆ ಮುಗಿಯಿತು ಎಂದು ಆ ನಗುವನ್ನು ಚಳಿಗಾಲ ಪೂರ್ತಿ ಜೋಪಾನ ಮಾಡಿ ಇಟ್ಟುಕೊಂಡಿದ್ದ. ಈಗ ಸಿಗ್ನಲ್ಲಿನಲ್ಲಿ ನಿಂತಾಗ ಅದು ಯಾವ ನಗು ಎಂದು ಗೊತ್ತಾಯಿತು. ಬೀಜ ಆಗಲೇ ಮಣ್ಣಿಗೆ ಬಿದ್ದಿತ್ತು. ಆ ಮನುಷ್ಯ ಸಾಯುವಾಗಲೂ ತನ್ನನ್ನು ಚುಡಾಯಿಸುತ್ತಿದ್ದ. ಹಿಂದಿನ ಕಾರಿನವನು ಹಾರ್ನ್ ಹೊಡೆದ. ದೀಪ ಹಸಿರಾಗಿ ಎಷ್ಟು ಹೊತ್ತಾಗಿತ್ತೋ, ಇನ್‌ಸ್ಪೆಕ್ಟರ್ ಸಾಹೇಬರಿಗೆ ಕಂಡಿರಲಿಲ್ಲ.

ಆಫೀಸಿನ ಹಿಂದಿನ ಕಾರಿಡಾರಿನಲ್ಲಿ ನಿಂತು ಅಂಗಡಿಯವನಿಗೆ ಫೋನ್ ಮಾಡಿದ. ನಿನ್ನೆ ಹೊಡೆದಿದ್ದು, ಇವತ್ತು ನೀರಲ್ಲಿ ತೊಳೆದರೆ ಹೋಗುತ್ತಾ ಎಂದು ಕೇಳಿದ. ಅಂಗಡಿಯವನು ನಕ್ಕುಬಿಟ್ಟ. "ಏನ್ ಸಾರ್, ನಮ್ಮ ಮಾಲಿನ ಮೇಲೆ ನಂಬಿಕೆ ಇಲ್ವಾ? ನಿನ್ನೆ ಹೊಡೆದಿದ್ದು ಇಷ್ಟೊತ್ತಿಗೆ ಬೇರು ಮುಟ್ಟಿರುತ್ತೆ. ನೀರಲ್ಲ, ಹೊಳೆನೇ ಹರಿಸಿದ್ರೂ ಏನೂ ಆಗಲ್ಲ. ಧೈರ್ಯವಾಗಿರಿ. ಹುಲ್ಲು ಬಿಟ್ಟು ಒಂದೂ ಉಳಿಯಲ್ಲ."

"ಮೂರೆಲೆಯದು... ಕ್ಲೋವರ್?"

"ಅದಂತೂ ಮೊದಲು ಹೋಗುತ್ತೆ ಸಾರ್. ಸಂಜೆಗೇ ತಿರುಚ್ಕೊಳ್ಳೋಕೆ ಶುರು ಮಾಡುತ್ತೆ ನೋಡಿ ಬೇಕಾದ್ರೆ. ಬಿಸಿಲು ಬೇರೆ ಚೆನ್ನಾಗಿದೆ."

"ಅದನ್ನೇ ಮತ್ತೆ ಬಿತ್ತಬೇಕು ಅಂದ್ರೆ?"

"ಕೊಂದಿದ್ದನ್ನೇ ಯಾಕೆ ಸಾರ್ ಬಿತ್ತುತ್ತೀರಾ?" ಎಂದು ಅಂಗಡಿಯವನು ನಿಜವಾಗಿಯೂ ಅರ್ಥವಾಗದೆ ಕೇಳಿದ. ಆಮೇಲೆ ಗಿರಾಕಿಯ ತಲೆ ಗಿರಾಕಿಗೆ ಎಂದುಕೊಂಡನೋ ಏನೋ, "ಬಿತ್ತಬಹುದು, ಮಣ್ಣಲ್ಲಿ ಇರೋದು ಹೋಗ್ಬೇಕಲ್ಲ, ಒಂದೆರಡು ತಿಂಗಳು ಬಿಡಿ. ಮಳೆಗಾಲ ಮುಗಿದ ಮೇಲೆ ಹಾಕಿದ್ರೆ ಒಳ್ಳೇದು," ಅಂದ. ಅವನು ಥ್ಯಾಂಕ್ಸ್ ಹೇಳಿ ಫೋನ್ ಇಟ್ಟ.

ಆ ದಿನ ಪರೀಕ್ಷೆಯ ಕಾರಿನ ಪಕ್ಕದ ಸೀಟಿನಲ್ಲಿ ಕೂತದ್ದು ಅವನ ಬರೀ ದೇಹ. ಒಬ್ಬ ಬ್ಯಾಂಕ್ ಗುಮಾಸ್ತ ಗೇರು ಬದಲಾಯಿಸುವಾಗೆಲ್ಲ ಕೆಳಗೆ ನೋಡಿದ, ಪಾಸು. ಒಬ್ಬ ಕಾಲೇಜು ಹುಡುಗಿ ತಿರುವಿನಲ್ಲಿ ಫುಟ್‌ಪಾತಿನ ಕಲ್ಲಿಗೆ ಚಕ್ರ ತಾಗಿಸಿದಳು, ಪಾಸು. ಮಧ್ಯಾಹ್ನ ಕಾಫಿಯ ಹೊತ್ತಿಗೆ ಕೌಂಟರಿನ ಗುಮಾಸ್ತೆ, "ಏನ್ ಸಾರ್, ಹುಷಾರಿಲ್ವಾ? ಬೆಳಗ್ಗೆಯಿಂದ ಒಬ್ಬರೂ ಫೇಲಾಗಿಲ್ಲ, ಆಚೆ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟುಕೊಂಡಿದಾರೆ," ಅಂದಳು. ಅವನು ಹಲ್ಲು ಕಿರಿದ. ನಾಲ್ಕನೆಯವಳು ಒಂದು ಬೇಕರಿಯಲ್ಲಿ ಕೆಲಸ ಮಾಡುವ ದಪ್ಪನೆಯ ಹೆಂಗಸು, ಐವತ್ತರ ಹತ್ತಿರ. ಅಂಗೈಯನ್ನು ಆಗಾಗ ಸೀರೆಗೆ ಒರೆಸಿಕೊಳ್ಳುತ್ತ ಸ್ಟೇರಿಂಗ್ ಹಿಡಿದಿದ್ದಳು. ಅವನು ಕಿಟಕಿಯಾಚೆ ಮನೆ ಮನೆಗಳ ಮುಂದಿನ ಹುಲ್ಲನ್ನು ನೋಡುತ್ತಿದ್ದ. ಒಂದು ಮನೆಯವರು ಅತಿಯಾಗಿ ಕತ್ತರಿಸಿ ಬೇರು ಕಾಣಿಸಿದ್ದರು. ಒಂದರಲ್ಲಿ ಗಂಡಸೊಬ್ಬ ಮಂಡಿಯೂರಿ ಕೂತು ಚಾಕುವಿನಿಂದ ಕಳೆ ಎಬ್ಬಿಸುತ್ತಿದ್ದ, ಬೇರು ತುಂಡಾಗದ ಹಾಗೆ ಎಷ್ಟು ಎಚ್ಚರಿಕೆಯಿಂದ! ಅಷ್ಟು ಎಚ್ಚರ ಇವನ ಕೈಗೂ ಇತ್ತು. ಹತ್ತಿರ ಕೂತು ನೋಡಿದ್ದರೆ ಆ ಎಲೆಗಳು ಸಮವಾಗಿ, ಕೈಯಿಂದ ಬಿತ್ತಿದ ಹಾಗೆ ಹಬ್ಬಿದ್ದು ಕಾಣಿಸುತ್ತಿರಲಿಲ್ಲವೇ? ಕಂಡಿತ್ತು. ಇದು ಇಷ್ಟು ಸಮವಾಗಿ ಹೇಗೆ ಬಂತು ಅಂತ ಎರಡನೆಯ ಪಂಪು ಹೊಡೆಯುವಾಗ ಅನ್ನಿಸಿತ್ತು. ಅನ್ನಿಸಿದರೂ ಕೈ ನಿಂತಿರಲಿಲ್ಲ. ಹೆಂಡತಿ ಗೊತ್ತಿಲ್ಲದೆ ಮಾಡಿದಿರಿ ಎಂದಾಗ ಅವನು ಆ ಮಾತನ್ನು ಗಬಕ್ಕನೆ ಹಿಡಿದುಕೊಂಡಿದ್ದ.

ಕಾರು ನಿಂತಿತು. ಬೇಕರಿಯವಳು ರಸ್ತೆಯ ಬದಿಗೆ ನಿಲ್ಲಿಸಿ ಅವನ ಕಡೆ ತಿರುಗಿದ್ದಳು. "ಸಾರ್, ಹಿಂದೆ ಆ ಸರ್ಕಲ್ಲಿನ ಹತ್ರ ಸ್ಟಾಪ್ ಬೋರ್ಡ್ ಇತ್ತು. ನಾನು ನಿಲ್ಲಿಸ್ಲಿಲ್ಲ."

ಅವನು ಅದನ್ನು ನೋಡಿರಲೇ ಇಲ್ಲ. "ಗೊತ್ತು," ಅಂದ.

"ನೀವು ಏನೂ ಅನ್ಲಿಲ್ಲ, ಅದಕ್ಕೆ ನನಗೆ ತಡೆಯೋಕಾಗ್ಲಿಲ್ಲ. ಫೇಲಾ ಸಾರ್?"

ಫೇಲೇ. ಸ್ಟಾಪ್ ಬೋರ್ಡಿಗೆ ನಿಲ್ಲಿಸದಿದ್ದರೆ ಬೇರೆ ಯಾವುದನ್ನೂ ನೋಡುವ ಹಾಗಿಲ್ಲ. ಅವನಿಗೆ ಅವಳ ಮೇಲೆ ವಿಪರೀತ ಸಿಟ್ಟು ಬಂತು. ಸುಮ್ಮನಿದ್ದಿದ್ದರೆ ಪಾಸು ಮಾಡಿ ಕಳಿಸುತ್ತಿದ್ದೆನಲ್ಲ, ಯಾರು ಕೇಳಿದ್ದರು ಇವಳನ್ನು? "ಫೇಲು," ಅಂದ, ಬೇಕಾದ್ದಕ್ಕಿಂತ ಗಡುಸಾಗಿ. ಅವಳು ಹಣೆ ಚಚ್ಚಿಕೊಂಡಳು. "ಛೆ, ಬಾಯಿ ಮುಚ್ಕೊಂಡು ಇರಬೇಕಿತ್ತು ನಾನು. ಇದು ಮೂರನೇ ಸಲ ಸಾರ್. ಮನೆಯಲ್ಲಿ ಏನಂತ ಮುಖ ತೋರಿಸ್ಲಿ?" ಆಫೀಸಿನವರೆಗೂ ಹಾಗೇ ಗೊಣಗುತ್ತ ಬಂದಳು. ಇಳಿಯುವಾಗ ಕಾರಿನ ಬಾಗಿಲನ್ನು ಜೋರಾಗಿ ಹಾಕಿದಳು.

ಸಂಜೆ ಮನೆಯ ದಾರಿಯಲ್ಲಿ ಅವನು ಮಾತು ಜೋಡಿಸಿಕೊಂಡ. ಮೊದಲು ಪಂಪಿನಲ್ಲಿ ಉಳಿದ ವಿಷಯ. ಮೋರಿಗೆ ಸುರಿಯಬಾರದು ಎಂದು ಅಂಗಡಿಯವನು ಹೇಳಿದ ವಿಷಯ. ಅತ್ತಿಗೆಗೆ ಅನುಕೂಲವಾಗಲಿ ಅನ್ನುವ ಮನಸ್ಸು. ಎರಡನೆಯ, ಮೂರನೆಯ ಪಂಪಿನ ಮಾತು ಬೇಡ, ಅದನ್ನು ಯಾರೂ ಕೇಳುವುದಿಲ್ಲ, ಹೆಂಡತಿ ನೋಡಿದ್ದಾಳೆ, ಆದರೆ ಅಷ್ಟೆಲ್ಲ ಬಿಡಿಸಿ ಹೇಳುವವಳಲ್ಲ. ಆಮೇಲೆ, ಮಳೆಗಾಲ ಮುಗಿದ ಮೇಲೆ ನಾನೇ ಬೀಜ ತಂದು ಹಾಕುತ್ತೇನೆ, ಕೂತು ಕೂತು ಹಾಕುತ್ತೇನೆ ಎಂದು ಹೇಳುವುದು. ಕೊನೆಯದು ಚೆನ್ನಾಗಿತ್ತು. ಅದನ್ನು ಹೇಳುವಾಗ ತನ್ನ ದನಿ ನಡುಗಬಹುದು ಎಂದೂ ಅನ್ನಿಸಿತು. ಅತ್ತಿಗೆ ಬೈಯುತ್ತಾಳೆ, ಬೈಯಲಿ. ಬೈಸಿಕೊಳ್ಳುವುದನ್ನು ನೆನೆಸಿಕೊಂಡರೆ ಒಂದು ಥರದ ನಿರಾಳವೇ ಆಯಿತು. ಹಾಗೆ ನೋಡಿದರೆ ಅವನು ನಿಜವಾಗಿಯೂ ಹೇಳಬೇಕೆಂದೇ ಬಂದಿದ್ದ.

ಕಾರು ಇಳಿದಾಗ ಅತ್ತಿಗೆ ಅಂಗಳದ ನಡುವೆ ನೆಲದ ಮೇಲೆ ಕೂತಿದ್ದಳು. ಪಕ್ಕದಲ್ಲಿ ರಬ್ಬರ್ ಪೈಪಿನಿಂದ ನೀರು ಸುಮ್ಮನೆ ಹರಿಯುತ್ತಿತ್ತು, ಅವಳ ಸೀರೆಯ ಅಂಚೆಲ್ಲ ಕೆಸರು. ಹೆಂಡತಿ ಅವಳ ಹಿಂದೆ ನಿಂತು ಭುಜದ ಮೇಲೆ ಕೈ ಇಟ್ಟಿದ್ದಳು. ಹತ್ತಿರ ಹೋಗುತ್ತಲೇ ಕಂಡಿತು. ದಂಟುಗಳು ಹೇರ್‌ಪಿನ್ನಿನ ಹಾಗೆ ಬಾಗಿದ್ದವು, ದುಂಡನೆಯ ಎಲೆಗಳು ಮಗುಚಿಕೊಂಡು ಬಿಳಿಚಿದ ಹೊಟ್ಟೆ ತೋರಿಸುತ್ತಿದ್ದವು. ಅವುಗಳ ನಡುವೆ ಅಲ್ಲಲ್ಲಿದ್ದ ಹುಲ್ಲು ಮಾತ್ರ ನೆಟ್ಟಗೆ ನಿಂತಿತ್ತು. ಹೇಳಿಬಿಟ್ಟಿದ್ದಾಳೆ ಎಂದುಕೊಂಡು ಹೆಂಡತಿಯ ಮುಖ ನೋಡಿದ. ಅವಳು ಇಲ್ಲವೆಂದು ತಲೆಯಾಡಿಸಿದಳು.

"ಬಂದ್ಯೇನೋ?" ಅತ್ತಿಗೆಯ ಕಣ್ಣು ಊದಿಕೊಂಡಿತ್ತು. "ನೋಡು ನಾನೇನು ಮಾಡಿಬಿಟ್ಟೆ."

"ಅತ್ತಿಗೆ..."

"ನೀನು ನೀರು ಅಂತಷ್ಟೇ ಹೇಳಿದ್ದೆ. ಸುಮ್ಮನೆ ನೀರು ಹಾಕಿಕೊಂಡಿದ್ರೆ ಆಗ್ತಿತ್ತು. ಶೆಡ್ಡಲ್ಲಿ ಗೊಬ್ಬರದ ಚೀಲ ಇತ್ತು. ಬೇಗ ಹೂ ಬಿಡ್ಲಿ ಅಂತ ತಂದು ಚೆಲ್ಲಿದೆ. ಒಂದೊಂದು ಹಿಡಿ ಅಲ್ಲ ಕಣೋ, ಬೊಗಸೆ ಬೊಗಸೆ. ಅವರು ಬೀಜ ಚೆಲ್ಲಿದ ಹಾಗೇ ಚೆಲ್ಲಿದೆ, ಎಷ್ಟು ಖುಷಿಯಾಗಿದ್ದೆ ಗೊತ್ತಾ. ಮಧ್ಯಾಹ್ನ ಬಂದು ನೋಡಿದ್ರೆ ಒಂದೊಂದೇ ತಿರುಚ್ಕೊಳ್ತಾ ಇದೆ. ಆಗಿಂದ ನೀರು ಬಿಡ್ತಾನೇ ಇದೀನಿ. ಸುಟ್ಟುಬಿಟ್ಟೆ. ಅವರ ಕೈಲಿ ಬಂದಿದ್ದನ್ನ ನನ್ನ ಕೈಲಿ ಸುಟ್ಟುಬಿಟ್ಟೆ."

"ಗೊಬ್ಬರದಿಂದ ಅಲ್ಲ ಅಕ್ಕ," ಎಂದು ಹೆಂಡತಿ ಅಂದಳು.

ಅತ್ತಿಗೆ ತಲೆ ಎತ್ತಿದಳು. "ಮತ್ತೆ?"

ಹೆಂಡತಿ ಅವನನ್ನೇ ನೋಡಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಹೇಳಿ ಪರವಾಗಿಲ್ಲ ಅನ್ನುವ ಒತ್ತಾಸೆ ಇತ್ತು. ಅತ್ತಿಗೆಯೂ ಅವನನ್ನು ನೋಡಿದಳು. ದಾರಿಯಲ್ಲಿ ಜೋಡಿಸಿಕೊಂಡ ಮಾತೆಲ್ಲ ಬಾಯಲ್ಲಿ ಸಿದ್ಧವಾಗಿತ್ತು. ಅವನು ಬಗ್ಗಿ ಒಂದು ದಂಟನ್ನು ಕಿತ್ತು ಬೆರಳುಗಳ ನಡುವೆ ತಿರುಗಿಸಿ ನೋಡಿದ, ಆಫೀಸಿನಲ್ಲಿ ಕಾಗದ ನೋಡುವವನ ಹಾಗೆ.

"ಗೊಬ್ಬರ ಸ್ವಲ್ಪ ಜಾಸ್ತಿ ಆಗಿರಬೇಕು," ಅಂದ.

ಅವನ ಕಿವಿಗೇ ಅದು ಬೇರೆ ಯಾರೋ ಹೇಳಿದ ಹಾಗೆ ಕೇಳಿಸಿತು. ಹೆಂಡತಿಯ ಕೈ ಅತ್ತಿಗೆಯ ಭುಜದಿಂದ ಜಾರಿತು. ಬೆಳಗ್ಗೆ ಅವಳು ಹೇಳಿಬಿಡಬಹುದಾಗಿದ್ದ ಸಂಗತಿಯೇ ಬೇರೆ, ಈಗ ಹೇಳಬೇಕಾಗಿದ್ದೇ ಬೇರೆ. ಈಗ ಹೇಳಿದರೆ ತಾನು ಕಟ್ಟಿಕೊಂಡ ಗಂಡಸು ಇಂಥವನು ಎಂದು ಹೇಳಬೇಕು. ಅದನ್ನು ಅವಳು ಹೇಳಲಾರಳು ಎಂದು ಅವನಿಗೆ ಆ ಕ್ಷಣವೇ ಗೊತ್ತಾಯಿತು. ಗೊತ್ತಾದದ್ದೇ ನಾಚಿಕೆಯೂ ಆಯಿತು, ಧೈರ್ಯವೂ ಬಂತು. ಅವಳು ಹೋಗಿ ನಲ್ಲಿ ನಿಲ್ಲಿಸಿದಳು.

"ನಂಗೆ ಗೊತ್ತಿತ್ತು," ಅಂದಳು ಅತ್ತಿಗೆ. ಕೆಸರಿನ ಕೈಯಿಂದಲೇ ಮೂಗು ಒರೆಸಿಕೊಂಡಳು. "ಅವಳು ಪಾಪ ಸಮಾಧಾನ ಮಾಡೋಕೆ ಹೇಳ್ತಾಳೆ. ನಂಗೆ ಇದೆಲ್ಲ ಬರಲ್ಲ ಕಣೋ. ಇನ್ನು ನೀನೇ ನೋಡ್ಕೊಂಬಿಡು. ನಿನ್ನ ಕಡೆ ಹೇಗಿದೆಯೋ ಹಾಗೇ ಮಾಡ್ಬಿಡು."

"ಆಗಲಿ ಅತ್ತಿಗೆ."

"ಮತ್ತೆ ಬೀಜ ಹಾಕಬೇಕಾಗುತ್ತೇನೋ? ಯಾವ ಬೀಜ ಹಾಕ್ತೀಯಾ?"

ಅವಳು ಕೇಳಿದ್ದು ಸುಮ್ಮನೆ, ಏನಾದರೂ ಕೇಳಬೇಕೆಂದು. ಆದರೆ ಅವಳ ಕಣ್ಣು ಆ ಬಾಗಿದ ಎಲೆಗಳ ಮೇಲೇ ಇತ್ತು. ಅದೇ ಹಾಕೋಣ ಅತ್ತಿಗೆ, ಅಂದಿದ್ದರೆ ಸಾಕಿತ್ತು. ನಿಜ ಹೇಳದಿದ್ದರೂ ಅಷ್ಟಾದರೂ ಅನ್ನಬಹುದಿತ್ತು.

"ಹುಲ್ಲಿಂದೇ," ಅಂದ. "ನಮ್ಮ ಕಡೆ ಇದೆಯಲ್ಲ, ಅದೇ."

"ಹೂಂ," ಅಂದಳು ಅತ್ತಿಗೆ.

ಅವನು ಎದ್ದು ನಿಂತು ಅಂಗಳವನ್ನು ನೋಡಿದ. ಈ ತುದಿಯಿಂದ ಆ ತುದಿಯವರೆಗೆ ಎಲ್ಲವೂ ಇನ್ನು ತನ್ನ ಕೈಯದು. ಒಂದೇ ಎತ್ತರ, ಒಂದೇ ಬಣ್ಣ, ನಡುವೆ ಗೆರೆಯಿಲ್ಲ. ಎದೆಯಲ್ಲಿ ಏನೋ ಉಕ್ಕಿ ಬಂತು. ತಪ್ಪಿತಸ್ಥನ ಸಂಕಟ ಎಂದುಕೊಂಡರೆ ಅದಲ್ಲ, ಅದು ಖುಷಿ. ಚಿಕ್ಕಂದಿನಲ್ಲಿ ಓಟದಲ್ಲೋ ಗೋಲಿಯಾ‌ಟದಲ್ಲೋ ಅಪರೂಪಕ್ಕೊಮ್ಮೆ ಅಣ್ಣನನ್ನು ಸೋಲಿಸಿದಾಗ ಬರುತ್ತಿತ್ತಲ್ಲ, ತಕ್ಷಣ ಅವನ ಹತ್ತಿರ ಓಡಿಹೋಗಿ ಕುಣಿಯಬೇಕು, ಅವನ ಮುಖ ಸಣ್ಣದಾಗುವುದನ್ನು ನೋಡಬೇಕು ಅನ್ನಿಸುವ ಅದೇ ಖುಷಿ. ಅವನು ಗೊತ್ತಿಲ್ಲದೆಯೇ ಅಣ್ಣನ ಮನೆಯ ಬಾಗಿಲ ಕಡೆ ತಿರುಗಿದ. ಬಾಗಿಲು ತೆರೆದೇ ಇತ್ತು. ಒಳಗೆ ಯಾರೂ ಇರಲಿಲ್ಲ. ಯಾರೂ ಬರಲಿಲ್ಲ. ಇನ್ನು ಯಾವತ್ತೂ ಯಾರೂ ಬಂದು ಆ ಗಂಟಲಿನಲ್ಲಿ ಬೀದಿಗೆಲ್ಲ ಕೇಳಿಸುವ ಹಾಗೆ ಬಯ್ಯುವುದಿಲ್ಲ, ನಗುವುದಿಲ್ಲ. ಆರು ತಿಂಗಳಾದ ಮೇಲೆ, ಅಷ್ಟು ಜನ ಬಂದು ಹೋಗಿ, ಎಲ್ಲ ಮುಗಿದು, ಈಗ ಈ ಒದ್ದೆ ನೆಲದ ಮೇಲೆ ನಿಂತಾಗ ಅಣ್ಣ ಸತ್ತಿದ್ದಾನೆ ಎಂದು ಅವನಿಗೆ ತಿಳಿಯಿತು. ಗಂಟಲಿನಿಂದ ಒಂದು ವಿಕಾರವಾದ ಸದ್ದು ಬಂತು. ತಡೆಯಲು ಬಾಯಿಗೆ ಕೈ ಅಡ್ಡ ಇಟ್ಟುಕೊಂಡ, ತಡೆಯಲಾಗಲಿಲ್ಲ. ಬಾಗಿದ ಗಿಡಗಳ ನಡುವೆ ಕುಸಿದು ಕೂತು ಬಿಕ್ಕಿ ಬಿಕ್ಕಿ ಅಳತೊಡಗಿದ.

ನಲ್ಲಿಯ ಹತ್ತಿರ ನಿಂತಿದ್ದ ಹೆಂಡತಿ ಒಂದು ಸಲ ನೋಡಿ ಮನೆಯೊಳಗೆ ಹೋದಳು. ಅತ್ತಿಗೆ ಮಂಡಿಯ ಮೇಲೆ ತೆವಳಿಕೊಂಡು ಹತ್ತಿರ ಬಂದು, ಅವನ ತಲೆಯನ್ನು ತನ್ನ ಕೆಸರಾದ ಸೆರಗಿಗೆ ಒತ್ತಿ ಹಿಡಿದುಕೊಂಡಳು.

"ಅಳಬೇಡ್ವೋ," ಅಂದಳು. "ನೀನ್ಯಾಕೋ ಅಳ್ತೀಯಾ? ತಪ್ಪು ನಂದು. ನಿಂದೇನಿದೆ ಇದರಲ್ಲಿ?"